ಓದುಗರ ಪ್ರಶ್ನೆ: ಆ ದಿನ ಟಿವಿಯಲ್ಲಿ ಬರೀ ಒಂದು ಫೋಟೊ

ಕಳೆದ ಸಂಚಿಕೆಯಲ್ಲಿ ಹಾಸನದ ಓದುಗರೊಬ್ಬರು ಟಿವಿಯಲ್ಲಿ ಜಾಹೀರಾತು ಜಾಸ್ತಿಯಾಗಿದೆ, ಇದಕ್ಕೆ ಕಡಿವಾಣವೇ ಇಲ್ವಾ ಅಂತ ಕೇಳಿದ್ದರು. ಉತ್ತರ ಬರೆಯುತ್ತಾ, ರಷ್ಯಾದಲ್ಲಿ ಜಾಹೀರಾತನ್ನೇ ನಿಲ್ಲಿಸುತ್ತೇನೆಂದ ಟಿವಿ ಪತ್ರಕರ್ತನೊಬ್ಬನ ಕೊಲೆಯಾಯಿತು, ಮರುದಿನ ಅಲ್ಲಿನ ಮೊದಲ ವಾಹಿನಿ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸಿತು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವನಿಗೇ, ವ್ಲಾದಿಸ್ಲಾವ್ ಲಿಸ್ತ್ಯೆವ್‌ಗೆ.

ಪ್ರಶ್ನೆ: ಲಿಸ್ತ್ಯೆವ್ ಅನ್ನುವ ಹೆಸರನ್ನೇ ನಾವು ಕೇಳಿಲ್ಲ. ಯಾರು ಆತ? ಅಷ್ಟು ದೊಡ್ಡ ಹೆಸರು ಹೇಗಾಯ್ತು? – ಓದುಗರು, ದಾವಣಗೆರೆ

ಉತ್ತರ: ಹುಟ್ಟಿದ್ದು 1956ರ ಮೇ 10ರಂದು, ಮಾಸ್ಕೋದಲ್ಲಿ. ಸಾಧಾರಣ ದುಡಿಯುವ ಮನೆ. ಹುಡುಗ ಓಟದಲ್ಲಿ ಮುಂದಿದ್ದ, ಕ್ರೀಡಾ ವಸತಿ ಶಾಲೆಯಲ್ಲಿ ಓದಿದ. ಇನ್ನೂ ಹದಿಹರೆಯದಲ್ಲಿರುವಾಗಲೇ ತಂದೆ ತೀರಿಕೊಂಡರು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿತ. ಆಮೇಲೆ ಸರ್ಕಾರಿ ರೇಡಿಯೊದಲ್ಲಿ, ಹೊರದೇಶಗಳಿಗೆ ಪ್ರಸಾರ ಮಾಡುವ ವಿಭಾಗದಲ್ಲಿ ಕೆಲಸ. ಅಲ್ಲೇ ಇದ್ದಿದ್ದರೆ ಅವನ ಹೆಸರು ನಮಗ್ಯಾರಿಗೂ ಗೊತ್ತಾಗುತ್ತಿರಲಿಲ್ಲ.

1987ರಲ್ಲಿ ಎಲ್ಲ ಬದಲಾಯಿತು. ಅಲ್ಲಿಯವರೆಗೆ ಸೋವಿಯತ್ ಸರ್ಕಾರ ಬಿಬಿಸಿಯಂಥ ಹೊರಗಿನ ರೇಡಿಯೊ ಕೇಳಿಸದ ಹಾಗೆ ಗುಂಯ್ ಅನ್ನುವ ಸದ್ದು ತುಂಬಿ ತಡೆಯುತ್ತಿತ್ತು. ಗೋರ್ಬಚೆವ್ ಕಾಲದಲ್ಲಿ ಆ ತಡೆ ತೆಗೆಯತೊಡಗಿದರು. ಹುಡುಗರೆಲ್ಲ ರಾತ್ರಿ ಹೊತ್ತು ಹೊರಗಿನ ರೇಡಿಯೊಗೆ ಕಿವಿಯಾಗುತ್ತಾರೆ, ಅವರನ್ನು ನಮ್ಮ ಟಿವಿ ಮುಂದೆಯೇ ಕೂರಿಸುವಂಥದ್ದು ಏನಾದರೂ ಮಾಡಿ ಅಂತ ಮೇಲಿನಿಂದ ಮಾತು ಬಂತು. ಹಾಗೆ ಹುಟ್ಟಿದ್ದು 'ವ್ಜ್‌ಗ್ಲ್ಯಾದ್'. ರಷ್ಯನ್‌ನಲ್ಲಿ 'ನೋಟ' ಅಂತ ಅರ್ಥ. ಮೊದಲ ಪ್ರಸಾರ 1987ರ ಅಕ್ಟೋಬರ್ 2, ಶುಕ್ರವಾರ ತಡರಾತ್ರಿ. ಟಿವಿಯ ಯುವ ವಿಭಾಗದಲ್ಲಿದ್ದ ಅನತೋಲಿ ಲಿಸೆಂಕೊ ಇದರ ಹಿಂದಿದ್ದ ಹಿರಿಯ. ಮುಂದೆ ಕೂತವರು ಲಿಸ್ತ್ಯೆವ್, ಅಲೆಕ್ಸಾಂದರ್ ಲ್ಯುಬೀಮೊವ್, ದ್ಮಿತ್ರಿ ಜಖಾರೊವ್ ಮುಂತಾದ ಮೂವತ್ತರ ಆಸುಪಾಸಿನ ಹುಡುಗರು. ಸೂಟು ಟೈ ಇಲ್ಲ. ಸ್ವೆಟರ್, ಜೀನ್ಸ್.

ನಮ್ಮಲ್ಲೂ ದೂರದರ್ಶನ ಒಂದೇ ಇದ್ದ ದಿನಗಳನ್ನು ನೋಡಿದವರಿಗೆ ಇದರ ತೂಕ ಥಟ್ಟನೆ ಗೊತ್ತಾಗುತ್ತದೆ. ಅಲ್ಲಿ ಅದಕ್ಕಿಂತ ಬಿಗಿ. ಬರೆದುಕೊಟ್ಟದ್ದನ್ನು ಕಣ್ಣು ಮಿಟುಕಿಸದೆ ಓದುವ ಮುಖಗಳನ್ನೇ ನೋಡಿ ಬೆಳೆದ ಜನ ಅವರು. ನಿಜವಾದ ಮಾತು ಆಡುತ್ತಿದ್ದದ್ದು ಅಡುಗೆಮನೆಯಲ್ಲಿ, ಟೀ ಲೋಟ ಮುಂದಿಟ್ಟುಕೊಂಡು, ನಂಬಿಕಸ್ಥರ ಜೊತೆ ಮಾತ್ರ. ಆ ಅಡುಗೆಮನೆ ಮಾತು ಇದ್ದಕ್ಕಿದ್ದ ಹಾಗೆ ಟಿವಿಯಲ್ಲಿ ಬರತೊಡಗಿತು. ಅಫ್ಘಾನಿಸ್ತಾನದ ಯುದ್ಧ, ಖಾಲಿ ಅಂಗಡಿ, ಡ್ರಗ್ಸ್, ಸ್ತಾಲಿನ್ ಕಾಲದ ಲೆಕ್ಕಗಳು, ನಡುನಡುವೆ ಅಲ್ಲಿಯವರೆಗೆ ಟಿವಿ ಹತ್ತಿರ ಬಿಟ್ಟುಕೊಳ್ಳದಿದ್ದ ರಾಕ್ ಹಾಡುಗಾರರು. 1989ರ ಏಪ್ರಿಲ್‌ನಲ್ಲಿ ರಂಗ ನಿರ್ದೇಶಕ ಮಾರ್ಕ್ ಜಖಾರೊವ್ ಇದೇ ಕಾರ್ಯಕ್ರಮದಲ್ಲಿ ಕೂತು, ಲೆನಿನ್ ದೇಹವನ್ನು ಸಮಾಧಿ ಮಂದಿರದಿಂದ ತೆಗೆದು ಎಲ್ಲರ ಹಾಗೆ ಮಣ್ಣು ಮಾಡಬೇಕು ಅಂದುಬಿಟ್ಟರು. ಪಾರ್ಟಿಯೊಳಗೆ ದೊಡ್ಡ ರಂಪವಾಯಿತು.

ಇದು ಜಾಸ್ತಿ ದಿನ ನಡೆಯಲಿಲ್ಲ. 1990ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವ ಶೆವರ್ದ್‌ನಾದ್ಜೆ ರಾಜೀನಾಮೆ ಕೊಟ್ಟರು. ಅದರ ಬಗ್ಗೆ ಮಾಡಿದ್ದ ಕಾರ್ಯಕ್ರಮವನ್ನು ತಡೆದರು, ಹೊಸ ವರ್ಷಕ್ಕೆ 'ವ್ಜ್‌ಗ್ಲ್ಯಾದ್' ಅನ್ನೇ ನಿಲ್ಲಿಸಿದರು. ಅಷ್ಟರೊಳಗೆ ಆ ಹುಡುಗರ ಮುಖ ದೇಶಕ್ಕೆಲ್ಲ ಗೊತ್ತಾಗಿತ್ತು.

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಹುಡುಕಿದೆ. ಆತ ಚಕ್ರ ತಿರುಗಿಸುವ ಆಟದ ಕಾರ್ಯಕ್ರಮ ನಡೆಸುತ್ತಿದ್ದ ಅಂತ ಬಂತು. ದುಡ್ಡು ಮಾಡಿದ ಟಿವಿ ಕಂಪನಿಯ ಯಜಮಾನ ಕೂಡ. ಅವನನ್ನು ಪತ್ರಕರ್ತ ಅನ್ನೋದು ಸರಿನಾ? – ಓದುಗರು, ಶಿರಸಿ

ಉತ್ತರ: ಒಳ್ಳೆಯ ಪ್ರಶ್ನೆ. ನೀವು ಹೇಳಿದ ಎರಡೂ ನಿಜ.

1990ರಲ್ಲಿ 'ವ್ಜ್‌ಗ್ಲ್ಯಾದ್' ಗೆಳೆಯರೆಲ್ಲ ಸೇರಿ 'ವಿದ್' ಅನ್ನುವ ಸ್ವಂತ ಕಂಪನಿ ಕಟ್ಟಿದರು. ಅದೇ ವರ್ಷ ಅಕ್ಟೋಬರ್ 25ರಂದು 'ಪೋಲೆ ಚುದೆಸ್' ಶುರುವಾಯಿತು. 'ಪವಾಡಗಳ ಹೊಲ' ಅಂದುಕೊಳ್ಳಿ. ಅಮೆರಿಕದ 'ವೀಲ್ ಆಫ್ ಫಾರ್ಚೂನ್' ಮಾದರಿಯ ಆಟ. ಚಕ್ರ ತಿರುಗಿಸು, ಅಕ್ಷರ ಹೇಳು, ಪದ ಊಹಿಸು. ಮೊದಲ ಒಂದು ವರ್ಷ ಲಿಸ್ತ್ಯೆವ್ ನಡೆಸಿದ. 1991ರ ಕೊನೆಗೆ ಅದನ್ನು ಲಿಯೊನೀದ್ ಯಕುಬೊವಿಚ್ ಕೈಗೆ ಕೊಟ್ಟ. ಆಡಲು ಬರುವವರು ಊರಿಂದ ಉಪ್ಪಿನಕಾಯಿ ಜಾಡಿ, ಮನೆಯಲ್ಲಿ ಮಾಡಿದ ತಿಂಡಿ, ಕಸೂತಿ ಬಟ್ಟೆ ಎಲ್ಲ ಹೊತ್ತು ತಂದು ಯಕುಬೊವಿಚ್‌ಗೆ ಕೊಡುವುದು ವಾಡಿಕೆಯೇ ಆಗಿಹೋಯಿತು. ಆ ಉಡುಗೊರೆಗಳಿಗೆ ಮಾಸ್ಕೋದಲ್ಲಿ ಒಂದು ಮ್ಯೂಸಿಯಂ ಕೂಡ ಆಯಿತು. 1991ರ ಡಿಸೆಂಬರ್‌ನಲ್ಲಿ ಒಂದು ದೇಶವೇ ಕುಸಿದು, ಉಳಿತಾಯದ ದುಡ್ಡು ಬೆಲೆ ಕಳಕೊಂಡು, ನಾಳೆ ಏನು ಅಂತ ಗೊತ್ತಿಲ್ಲದೆ ಕೂತ ಜನರಿಗೆ ಶುಕ್ರವಾರ ಸಂಜೆ ಮನೆಮಂದಿಯೆಲ್ಲ ಜೊತೆಗೆ ಕೂತು ನಗಲು ಅದೊಂದಿತ್ತು. ಇದನ್ನು ಕೀಳು ಕೆಲಸ ಅಂತ ನಾನು ಒಪ್ಪುವುದಿಲ್ಲ.

ಆದರೆ ಆತ ಚಕ್ರದ ಹತ್ತಿರವೇ ನಿಂತುಬಿಡಲಿಲ್ಲ. 'ತೇಮಾ' ಅಂದರೆ 'ವಿಷಯ' ಅನ್ನುವ ಕಾರ್ಯಕ್ರಮದಲ್ಲಿ ಮೈಕ್ ಹಿಡಿದು ಪ್ರೇಕ್ಷಕರ ನಡುವೆಯೇ ಓಡಾಡುತ್ತಾ ಅವರನ್ನು ಮಾತಾಡಿಸಿದ. ಸಾಮಾನ್ಯ ಜನ ಟಿವಿಯಲ್ಲಿ ತಮ್ಮ ಅಭಿಪ್ರಾಯ ತಾವೇ ಹೇಳುವುದು, ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲೇ ಅಲ್ಲಗಳೆಯುವುದು ಅಲ್ಲಿ ಹೊಸದು. 1994ರ ಮೇ ತಿಂಗಳಲ್ಲಿ 'ಚಾಸ್ ಪಿಕ್' ಬಂತು. 'ರಶ್ ಅವರ್' ಅಂತ ಅರ್ಥ. ವಾರದ ದಿನಗಳಲ್ಲಿ ಸಂಜೆ, ಕೆಲಸ ಮುಗಿಸಿ ಜನ ಮನೆಗೆ ಬರುವ ಹೊತ್ತಿಗೆ ಒಬ್ಬ ಅತಿಥಿಯ ಜೊತೆ ನೇರ ಮಾತು. ದಪ್ಪ ಮೀಸೆ, ಕನ್ನಡಕ, ಅಂಗಿಯ ಮೇಲೆ ಎಳೆದು ಕಟ್ಟಿದ ಸಸ್ಪೆಂಡರ್. ಅಮೆರಿಕದ ಲ್ಯಾರಿ ಕಿಂಗ್ ಥರ ಅಂತ ಎಲ್ಲರೂ ಅಂದರು. ಇವತ್ತಿಗೂ ರಷ್ಯಾದಲ್ಲಿ ಲಿಸ್ತ್ಯೆವ್ ಅಂದರೆ ಮೊದಲು ಕಣ್ಣಿಗೆ ಬರುವುದು ಆ ಸಸ್ಪೆಂಡರ್.

ಪತ್ರಕರ್ತ ಅಂದರೆ ಸುದ್ದಿ ಬರೆಯುವವನು ಮಾತ್ರ ಅಂತ ಹಿಡಿದರೆ ನಿಮ್ಮ ಅನುಮಾನ ಸರಿ. ಪ್ರಶ್ನೆ ಕೇಳುವುದು ಹೇಗೆ ಅಂತ ಒಂದು ದೇಶದ ಟಿವಿಗೆ ತೋರಿಸಿಕೊಟ್ಟವನು ಪತ್ರಕರ್ತನಲ್ಲದಿದ್ದರೆ ಇನ್ಯಾರು ಅಂತ ನನಗನ್ನಿಸುತ್ತದೆ.

ಪ್ರಶ್ನೆ: ನಾನು 1995ರಲ್ಲಿ ಮಾಸ್ಕೋದಲ್ಲಿ ಓದುತ್ತಿದ್ದೆ. ಮಾರ್ಚ್ 2ರ ಬೆಳಿಗ್ಗೆ ಹಾಸ್ಟೆಲಿನ ಅಡುಗೆಕೋಣೆಯಲ್ಲಿದ್ದ ಟಿವಿ ಹಾಕಿದರೆ ಒಬ್ಬರ ಫೋಟೊ ಬಿಟ್ಟು ಬೇರೇನೂ ಇಲ್ಲ. ಟಿವಿ ಕೆಟ್ಟಿದೆ ಅಂದುಕೊಂಡು ಹಿಂದಿನಿಂದ ತಟ್ಟಿದೆ. ಬಾಗಿಲು ಕಾಯುವ ಅಜ್ಜಿ ಕೆಳಗಿನಿಂದ ಹತ್ತಿ ಬಂದು, 'ಮುಟ್ಟಬೇಡ ಮಗಾ, ವ್ಲಾದ್‌ನನ್ನು ಕೊಂದಿದ್ದಾರೆ' ಅಂತ ಅತ್ತುಬಿಟ್ಟರು. ಸ್ವಂತ ಮಗ ಹೋದ ಹಾಗೆ ಅತ್ತರು. ಆ ರಾತ್ರಿ ಏನಾಯಿತು ಅಂತ ಸರಿಯಾಗಿ ಇವತ್ತಿಗೂ ಗೊತ್ತಿಲ್ಲ, ತಿಳಿಸುತ್ತೀರಾ? – ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇಂಥದ್ದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್.

ಮಾರ್ಚ್ 1, ಬುಧವಾರ. 'ಚಾಸ್ ಪಿಕ್' ಮುಗಿಸಿಕೊಂಡು ಲಿಸ್ತ್ಯೆವ್ ರಾತ್ರಿ ಒಂಬತ್ತರ ಮೇಲೆ ಮನೆಗೆ ಬಂದ. ಮಾಸ್ಕೋ ನಡುಭಾಗದ ನೊವೊಕುಜ್ನೆತ್ಸ್ಕಯಾ ಬೀದಿಯ ಹಳೆಯ ಕಟ್ಟಡ. ಅಲ್ಲಿಯ ಮನೆಗಳಿಗೆ ಹೋಗಲು ಮೊದಲು ಎಲ್ಲರಿಗೂ ಸೇರಿದ ಬಾಗಿಲು ದಾಟಿ ಮೆಟ್ಟಿಲು ಹತ್ತಬೇಕು. ಅದಕ್ಕೆ ಪೊದ್ಯೆಜ್ದ್ ಅನ್ನುತ್ತಾರೆ. ಕೊಲೆಗಾರರು ಅಲ್ಲೇ ಕಾಯುತ್ತಿದ್ದರು. ಒಂದು ಗುಂಡು ಬಲಗೈಗೆ, ಇನ್ನೊಂದು ತಲೆಗೆ. ಜೇಬಿನಲ್ಲಿದ್ದ ದೊಡ್ಡ ಮೊತ್ತದ ನಗದು, ಬೆಲೆಬಾಳುವ ವಸ್ತುಗಳು ಹಾಗೇ ಇದ್ದವು. ಒಬ್ಬರೂ ಮುಟ್ಟಿರಲಿಲ್ಲ. ದರೋಡೆಯಲ್ಲ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವನಿಗೆ 38 ವರ್ಷ.

ಮರುದಿನ ನೀವು ನೋಡಿದ್ದು ಅದೇ ಫೋಟೊ. ಕೆಳಗೆ ಮೂರೇ ಪದ: 'ವ್ಲಾದಿಸ್ಲಾವ್ ಲಿಸ್ತ್ಯೆವ್ ಉಬೀತ್'. ಉಬೀತ್ ಅಂದರೆ ಕೊಲೆಯಾಗಿದ್ದಾನೆ. ತೀರಿಕೊಂಡರು, ಅಗಲಿದರು ಅನ್ನುವ ಮೆತ್ತನೆಯ ಮಾತು ಯಾವುದನ್ನೂ ಹಾಕಲಿಲ್ಲ. ಅದನ್ನು ಬರೆಸಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ. ದಿನವಿಡೀ ಸುದ್ದಿ ಬಿಟ್ಟರೆ ಅದೇ. ಧಾರಾವಾಹಿ ಇಲ್ಲ, ಸಿನಿಮಾ ಇಲ್ಲ, ಜಾಹೀರಾತಂತೂ ಇಲ್ಲವೇ ಇಲ್ಲ.

ಅಧ್ಯಕ್ಷ ಯೆಲ್ತ್ಸಿನ್ ಅವತ್ತೇ ಒಸ್ತಾನ್ಕಿನೊ ಟಿವಿ ಕೇಂದ್ರಕ್ಕೆ ಬಂದು ಸಿಬ್ಬಂದಿಯ ಮುಂದೆ ಮಾತಾಡಿದರು. ಮಾಸ್ಕೋದ ಪೊಲೀಸ್ ಮುಖ್ಯಸ್ಥ ಮತ್ತು ನಗರದ ಪ್ರಾಸಿಕ್ಯೂಟರ್ ಇಬ್ಬರನ್ನೂ ಹುದ್ದೆಯಿಂದ ತೆಗೆದರು. ಮಾರ್ಚ್ 4ರಂದು ವಗಾನ್ಕೊವೊ ಸ್ಮಶಾನದಲ್ಲಿ ಮಣ್ಣು. ಹೂವು ಹಿಡಿದು ಸಾಲಲ್ಲಿ ನಿಂತವರು ಸಾವಿರಾರು ಜನ. ಜಾಸ್ತಿ ಜನ ಅವನನ್ನು ಹತ್ತಿರದಿಂದ ಒಮ್ಮೆಯೂ ನೋಡಿದವರಲ್ಲ. ನಿಮ್ಮ ಹಾಸ್ಟೆಲಿನ ಅಜ್ಜಿಯಂಥವರು.

ಪ್ರಶ್ನೆ: ಜಾಹೀರಾತು ನಿಲ್ಲಿಸಿದ್ದಕ್ಕೆ ಕೊಲ್ಲುತ್ತಾರಾ? ನಂಬಲು ಕಷ್ಟ. – ಓದುಗರು, ಹುಬ್ಬಳ್ಳಿ

ಉತ್ತರ: ಆಗಿನ ಲೆಕ್ಕಾಚಾರ ಗೊತ್ತಾದರೆ ಅಷ್ಟು ಕಷ್ಟ ಅನಿಸುವುದಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ವಾಹಿನಿ ಅಂದರೆ ರಷ್ಯಾದ ಮೂಲೆಮೂಲೆಗೆ, ಹಳೆಯ ಸೋವಿಯತ್ ದೇಶಗಳಿಗೂ ತಲುಪುತ್ತಿದ್ದ ವಾಹಿನಿ. ಅಲ್ಲಿ ಒಂದು ನಿಮಿಷ ಸಿಕ್ಕರೆ ಏನನ್ನು ಬೇಕಾದರೂ ಮಾರಬಹುದಿತ್ತು. 1994ರಲ್ಲಿ ಎಂಎಂಎಂ ಅನ್ನುವ ಚಿಟ್‌ಫಂಡ್ ಥರದ ಮೋಸದ ಸ್ಕೀಮ್ ಮುಳುಗಿತಲ್ಲ, ಅದು ಬೆಳೆದದ್ದೇ ಟಿವಿ ಜಾಹೀರಾತಿನ ಮೇಲೆ. ಲ್ಯೋನ್ಯಾ ಗೊಲುಬ್‌ಕೊವ್ ಅನ್ನುವ ಪೆದ್ದು ಮುಖದ ಕಲ್ಪಿತ ಪಾತ್ರವೊಂದು ಪ್ರತಿದಿನ ಬಂದು, ಷೇರು ಕೊಂಡೆ, ಲಾಭ ಬಂತು, ಹೆಂಡತಿಗೆ ಬೂಟು ಕೊಡಿಸುತ್ತೇನೆ ಅನ್ನುತ್ತಿತ್ತು. ಲಕ್ಷಾಂತರ ಜನ ನಂಬಿ ದುಡ್ಡು ಕಳಕೊಂಡರು.

ಇನ್ನು ಆ ನಿಮಿಷಗಳ ಹಣ ಯಾರಿಗೆ ಹೋಗುತ್ತಿತ್ತು? ವಾಹಿನಿ ಸರ್ಕಾರದ್ದು, ಸದಾ ಸಾಲದಲ್ಲಿ. ನಡುವೆ ಕೂತ ಏಜೆನ್ಸಿಗಳು, ಕಾರ್ಯಕ್ರಮ ಮಾಡುವ ಕಂಪನಿಗಳು ನಿಮಿಷಗಳನ್ನು ಸಗಟಿಗೆ ಹಿಡಿದು ಚಿಲ್ಲರೆಗೆ ಮಾರುತ್ತಿದ್ದವು. ಅರ್ಧಕ್ಕರ್ಧ ವ್ಯವಹಾರ ಕೈಯಿಂದ ಕೈಗೆ, ನಗದಿನಲ್ಲಿ, ರಸೀದಿ ಇಲ್ಲದೆ. ಲಿಸ್ತ್ಯೆವ್‌ನ ಸ್ವಂತ ಕಂಪನಿ ಬೆಳೆದದ್ದೂ ಇದೇ ಸಂತೆಯಲ್ಲಿ ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಸಂತೆ ಹೇಗೆ ನಡೆಯುತ್ತದೆ ಅಂತ ಅವನಿಗೆ ಒಳಗಿನಿಂದ ಗೊತ್ತಿತ್ತು.

1994ರ ನವೆಂಬರ್ ಕೊನೆಗೆ ಯೆಲ್ತ್ಸಿನ್ ಆದೇಶ ಹೊರಡಿಸಿ ಈ ವಾಹಿನಿಯನ್ನು ಓಆರ್‌ಟಿ ಅನ್ನುವ ಹೊಸ ಕಂಪನಿ ಮಾಡಿದರು. ನೂರಕ್ಕೆ 51 ಪಾಲು ಸರ್ಕಾರದ್ದು, 49 ಖಾಸಗಿಯವರದ್ದು. ಖಾಸಗಿಯವರಲ್ಲಿ ಮುಂದೆ ನಿಂತಿದ್ದವರು ಬೊರಿಸ್ ಬೆರೆಜೊವ್ಸ್ಕಿ ಎಂಬ ದೊಡ್ಡ ಉದ್ಯಮಿ. 1995ರ ಜನವರಿ 25ರಂದು ಲಿಸ್ತ್ಯೆವ್ ಅದರ ಪ್ರಧಾನ ನಿರ್ದೇಶಕನಾದ. ಫೆಬ್ರವರಿ 20ರಂದು ಘೋಷಣೆ ಬಂತು: ಏಪ್ರಿಲ್ 1ರಿಂದ ವಾಹಿನಿಯಲ್ಲಿ ಯಾವ ಜಾಹೀರಾತೂ ಇಲ್ಲ, ಹೊಸ ನಿಯಮ ಮಾಡಿಕೊಂಡ ಮೇಲೆಯೇ ಮತ್ತೆ ಶುರು. ಅಂದರೆ ಮಧ್ಯವರ್ತಿಗಳ ನಲ್ಲಿಗೆ ಏಕಾಏಕಿ ಬಿರಡೆ. ಅದಾಗಿ ಒಂಬತ್ತನೇ ದಿನ ಮೆಟ್ಟಿಲ ಬಳಿ ಗುಂಡು.

ಆ ಒಂಬತ್ತು ದಿನ ನೋಡಿದರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ನನಗೂ ಬಲವಾಗಿಯೇ ಬರುತ್ತದೆ. ಆದರೆ ಅದಕ್ಕಿಂತ ಹೆಚ್ಚು ಹೇಳಲು ನನಗೆ ಹಕ್ಕಿಲ್ಲ. ವಾಹಿನಿಯ ಹಿಡಿತಕ್ಕಾಗಿ ನಡೆದ ಜಗ್ಗಾಟ, ಮುಂದೆ ಇದ್ದ ಚುನಾವಣೆ, ಸ್ವಂತ ವ್ಯವಹಾರದ ಹಗೆತನ ಅಂತ ಬೇರೆ ಬೇರೆ ಕಾರಣಗಳನ್ನೂ ಅಲ್ಲಿನವರು ಹೇಳುತ್ತಾರೆ. ಯಾವುದೂ ಕೋರ್ಟಿನಲ್ಲಿ ನಿಂತಿಲ್ಲ.

ಪ್ರಶ್ನೆ: ಕೊನೆಗೆ ಕೊಂದವರು ಸಿಕ್ಕರಾ? – ಓದುಗರು, ಕೋಲಾರ

ಉತ್ತರ: ಇಲ್ಲ. ಗುಂಡು ಹಾರಿಸಿದವರೂ ಸಿಗಲಿಲ್ಲ, ಹಾರಿಸಲು ಹೇಳಿದವರೂ ಸಿಗಲಿಲ್ಲ. ತನಿಖಾಧಿಕಾರಿಗಳು ಒಬ್ಬರಾದ ಮೇಲೆ ಒಬ್ಬರು ಬದಲಾದರು, ಕಡತ ದಪ್ಪವಾಗುತ್ತಾ ಹೋಯಿತು, 2009ರಲ್ಲಿ ತನಿಖೆಯನ್ನೇ ನಿಲ್ಲಿಸಿದರು.

ರಷ್ಯನ್‌ನಲ್ಲಿ ಇಂಥ ಕೊಲೆಗೆ ಒಂದು ಹೆಸರಿದೆ: 'ಜಕಜ್ನೊಯೆ ಉಬೀಸ್ತ್ವೊ', ಆರ್ಡರ್ ಕೊಟ್ಟು ಮಾಡಿಸಿದ ಕೊಲೆ. ನಮ್ಮ ಸುಪಾರಿ ಕೊಲೆ. ಆ ವರ್ಷಗಳಲ್ಲಿ ಅದು ದಿನಪತ್ರಿಕೆಯ ಮಾಮೂಲಿ ಪದವಾಗಿಬಿಟ್ಟಿತ್ತು. ಸುಪಾರಿ ಕೊಲೆಯ ಗುಣವೇ ಹಾಗೆ ಅಲ್ವಾ, ಕೊಂದವನಿಗೂ ಸತ್ತವನಿಗೂ ಪರಿಚಯವೇ ಇರುವುದಿಲ್ಲ. ಎಳೆ ಹಿಡಿಯಬೇಕಾದದ್ದು ದುಡ್ಡಿನ ಕಡೆಯಿಂದ. ದುಡ್ಡಿನ ಕಡೆ ಹೋದವರಿಗೆ ಬಾಗಿಲು ತೆರೆಯಲಿಲ್ಲ.

ಬೆರೆಜೊವ್ಸ್ಕಿ ಹೆಸರೂ ಓಡಾಡಿತು. 1996ರ ಕೊನೆಗೆ ಅಮೆರಿಕದ 'ಫೋರ್ಬ್ಸ್' ಪತ್ರಿಕೆಯಲ್ಲಿ ಪಾಲ್ ಕ್ಲೆಬ್ನಿಕೊವ್ ಬರೆದ ಲೇಖನ ಬಂತು. ಬೆರೆಜೊವ್ಸ್ಕಿ ಲಂಡನ್‌ನಲ್ಲಿ ಮಾನನಷ್ಟ ಕೇಸು ಹಾಕಿದರು. 2003ರಲ್ಲಿ, ಲಿಸ್ತ್ಯೆವ್ ಕೊಲೆಗೆ ಅವರೇ ಕಾರಣ ಅಂತ ಹೇಳುವ ಉದ್ದೇಶ ನಮಗಿರಲಿಲ್ಲ ಅಂತ ಪತ್ರಿಕೆ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಮುಂದಿನ ವರ್ಷ, 2004ರ ಜುಲೈ 9ರಂದು, 'ಫೋರ್ಬ್ಸ್'ನ ರಷ್ಯನ್ ಆವೃತ್ತಿಯ ಸಂಪಾದಕನಾಗಿದ್ದ ಕ್ಲೆಬ್ನಿಕೊವ್‌ನನ್ನು ಮಾಸ್ಕೋದಲ್ಲಿ ಗುಂಡಿಟ್ಟು ಕೊಂದರು. ಬೆರೆಜೊವ್ಸ್ಕಿ 2013ರಲ್ಲಿ ಇಂಗ್ಲೆಂಡ್‌ನಲ್ಲಿ ತೀರಿಕೊಂಡರು. ಮಾತಾಡಬಹುದಾಗಿದ್ದವರು ಹೀಗೆ ಒಬ್ಬೊಬ್ಬರೇ ಇಲ್ಲವಾಗುತ್ತಿದ್ದಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟೇ ಬರುತ್ತದೆ. ದೇಶದ ಅಧ್ಯಕ್ಷರೇ ಬಂದು ನಿಂತು, ದೇಶವೇ ಟಿವಿ ಮುಂದೆ ಕೂತು ಅತ್ತ ಕೊಲೆ ಇದು. ಇದಕ್ಕೇ ಹೀಗಾದರೆ ಸಣ್ಣ ಊರಿನ ಪತ್ರಿಕೆಯವನ ಗತಿ ಏನು?

ಪ್ರಶ್ನೆ: ಅನ್ನಾ ಪೊಲಿತ್‌ಕೊವ್ಸ್ಕಯಾಗೂ ಲಿಸ್ತ್ಯೆವ್‌ಗೂ ಏನಾದರೂ ಸಂಬಂಧ ಇದೆಯಾ? ಎಲ್ಲೋ ಎರಡು ಹೆಸರನ್ನೂ ಒಟ್ಟಿಗೆ ನೋಡಿದ ನೆನಪು. – ಓದುಗರು, ಉಡುಪಿ

ಉತ್ತರ: ಇದೆ. 'ವ್ಜ್‌ಗ್ಲ್ಯಾದ್' ತಂಡದಲ್ಲಿ ಅಲೆಕ್ಸಾಂದರ್ ಪೊಲಿತ್‌ಕೊವ್ಸ್ಕಿ ಅಂತ ಒಬ್ಬರಿದ್ದರು, ಲಿಸ್ತ್ಯೆವ್‌ನ ಜೊತೆಗಾರ. ಅವರ ಹೆಂಡತಿಯೇ ಅನ್ನಾ, ಆಮೇಲೆ ಇಬ್ಬರೂ ಬೇರೆಯಾದರು. ಆಗ ಗಂಡ ಮನೆಮಾತು, ಅನ್ನಾ ಹೆಸರು ಹೊರಗೆ ಅಷ್ಟಾಗಿ ಗೊತ್ತಿರಲಿಲ್ಲ. ಮುಂದೆ 'ನೊವಾಯಾ ಗಜೆತಾ' ಪತ್ರಿಕೆಗೆ ಚೆಚೆನ್ಯಾ ಯುದ್ಧದ ವರದಿ ಬರೆದು ಜಗತ್ತಿಗೆಲ್ಲ ಗೊತ್ತಾದರು. 2006ರ ಅಕ್ಟೋಬರ್ 7ರಂದು ಅವರನ್ನೂ ಕೊಂದರು, ಅವರ ಕಟ್ಟಡದ ಲಿಫ್ಟಿನಲ್ಲಿ. ಅಂಗಡಿಯಿಂದ ಸಾಮಾನು ತಂದು ಮನೆಗೆ ಹೋಗುತ್ತಿದ್ದರು. ಆ ಕೇಸಿನಲ್ಲಿ 2014ರಲ್ಲಿ ಐವರಿಗೆ ಶಿಕ್ಷೆಯಾಯಿತು. ಅವರಲ್ಲೊಬ್ಬ ಉಕ್ರೇನ್ ಯುದ್ಧಕ್ಕೆ ಹೋಗಿ 2023ರಲ್ಲಿ ಕ್ಷಮಾದಾನ ಪಡೆದ. ಸುಪಾರಿ ಕೊಟ್ಟವರ ಹೆಸರು ಅಲ್ಲೂ ಹೊರಬಂದಿಲ್ಲ. ಇಬ್ಬರ ಕೆಲಸ ಬೇರೆ, ಕಾರಣವೂ ಬೇರೆ ಇರಬಹುದು. ಆದರೆ ಇಬ್ಬರೂ ಬಿದ್ದದ್ದು ತಮ್ಮ ಮನೆ ಬಾಗಿಲಿಗೆ ಇನ್ನು ಕೆಲವೇ ಹೆಜ್ಜೆ ಇರುವಾಗ.

ಪ್ರಶ್ನೆ: ಯೂಟ್ಯೂಬಿನಲ್ಲಿ ಹಳೇ ರಷ್ಯನ್ ಟಿವಿ ಹುಡುಕುವಾಗ ಕಪ್ಪು ಪರದೆಯಲ್ಲಿ ಒಂದು ವಿಕಾರ ಮುಖ ಬಂದು ಮಗಳು ಹೆದರಿ ಓಡಿದಳು. ಅದೇನು? – ಓದುಗರು, ಬೆಂಗಳೂರು

ಉತ್ತರ: ಅದೇ 'ವಿದ್' ಕಂಪನಿಯ ಗುರುತು. ಮಾಸ್ಕೋದ ಪೂರ್ವ ದೇಶಗಳ ಕಲಾ ಸಂಗ್ರಹಾಲಯದಲ್ಲಿರುವ, ಚೀನಾದ ಜ್ಞಾನಿಯೊಬ್ಬನ ಮಣ್ಣಿನ ಮುಖ. ತಲೆಯ ಮೇಲೆ ಮೂರು ಕಾಲಿನ ಕಪ್ಪೆ ಕೂತಿದೆ, ಚೀನಾದಲ್ಲಿ ಅದು ಸಂಪತ್ತಿನ ಸಂಕೇತ. ಆರಿಸಿದವರು ಲಿಸ್ತ್ಯೆವ್‌ನ ಹೆಂಡತಿ ಅಲ್ಬೀನಾ ನಜೀಮೊವಾ. ಮಗಳಿಗೆ ಹೇಳಿ, ರಷ್ಯಾದ ಒಂದು ತಲೆಮಾರಿನ ಮಕ್ಕಳೂ ಅದನ್ನು ನೋಡಿ ಹೀಗೇ ಹೆದರಿ ಓಡಿದ್ದಾರೆ.

ಪ್ರಶ್ನೆ: ರಷ್ಯನ್ ಬರದವರು ಅವನ ಯಾವ ಕಾರ್ಯಕ್ರಮ ನೋಡಬಹುದು? – ಓದುಗರು, ಬಳ್ಳಾರಿ

ಉತ್ತರ: 'ಪೋಲೆ ಚುದೆಸ್'ನ ಶುರುವಿನ ಕಂತುಗಳಲ್ಲಿ ಒಂದನ್ನು ನೋಡಿ, ಭಾಷೆ ಬರದಿದ್ದರೂ ಆಟ ಅರ್ಥವಾಗುತ್ತದೆ. ಆಮೇಲೆ 'ಚಾಸ್ ಪಿಕ್'ನ ಒಂದು ಕಂತು ನೋಡಿ. ಸುಮ್ನೆ ಮುಖಗಳನ್ನು ಗಮನಿಸುತ್ತಾ ಕೂತರೂ ಸಾಕು. ಇನ್ನೊಂದು ಇದೆ. ಹಾಡಿನ ರಾಗ ಕೇಳಿಸಿ ಹೆಸರು ಊಹಿಸುವ 'ಉಗದಾಯ್ ಮೆಲೊದಿಯು' ಅನ್ನುವ ಆಟವನ್ನು ತರಬೇಕೆಂದು ಓಡಾಡಿದವನೂ ಲಿಸ್ತ್ಯೆವ್. ಅದು ಶುರುವಾದದ್ದು 1995ರ ಏಪ್ರಿಲ್‌ನಲ್ಲಿ. ಓಆರ್‌ಟಿ ಹೊಸ ಹೆಸರಿನಲ್ಲಿ ಪ್ರಸಾರ ಆರಂಭಿಸಿದ್ದೂ ಅದೇ ತಿಂಗಳು. ಎರಡನ್ನೂ ನೋಡಲು ಅವನಿರಲಿಲ್ಲ.